ಬಾಳೂಗೆ ಚೆಂಡು ಕೊಟ್ಟರು, ತಂಡ ಕೊಡಲಿಲ್ಲ

1920. ಬೊಂಬಾಯಿಯ ಕ್ವಾಡ್ರಾಂಗ್ಯುಲರ್ ಟೂರ್ನಿ. ಯುರೋಪಿಯನ್ನರು, ಪಾರ್ಸಿಗಳು, ಹಿಂದೂಗಳು, ಮುಸ್ಲಿಮರು ಎಂದು ಕೋಮಿನ ಲೆಕ್ಕದಲ್ಲೇ ತಂಡ ಕಟ್ಟಿ ಆಡುತ್ತಿದ್ದ ಕಾಲ. ಹಿಂದೂ ತಂಡದ ನಾಯಕ ಎಂ.ಡಿ. ಪೈ ಕಾಯಿಲೆ ಬಿದ್ದರು. ಮೊದಲ ಪಂದ್ಯಕ್ಕೆ ಬದಲಿ ನಾಯಕ ಬೇಕಾಯಿತು. ಆರಿಸುವವರು ಪುಣೆಯ ಡಿ.ಬಿ. ದೇವಧರ್ ಹೆಸರು ಹೇಳಿದರು. ಅವರಿಗಾಗ 28 ವರ್ಷ. ಅವರಿಗಿಂತ ವಯಸ್ಸಿನಲ್ಲಿ ದೊಡ್ಡವರಾದ ಇಬ್ಬರು ಅಣ್ಣತಮ್ಮಂದಿರು, ಶಿವರಾಮ್ ಮತ್ತು ವಿಠಲ್, ಅದೇ ತಂಡದಲ್ಲಿದ್ದರು. ಇವರ ದೊಡ್ಡಣ್ಣನನ್ನಂತೂ ಆ ಪಂದ್ಯಕ್ಕೆ ತಂಡದಿಂದಲೇ ಕೈಬಿಟ್ಟಿದ್ದರು. ಶಿವರಾಮ್, ವಿಠಲ್ ಇಬ್ಬರೂ ನಾವು ಆಡುವುದಿಲ್ಲ ಎಂದು ಹೊರಬಂದರು. ಸುಮ್ಮನೆ ಬರಲಿಲ್ಲ, ನಮ್ಮ ಜಾತಿ ನೋಡಿ ನಮಗೆ ಸಲ್ಲಬೇಕಾದ್ದನ್ನು ತಪ್ಪಿಸಿದ್ದೀರಿ ಎಂದು ಬಹಿರಂಗವಾಗಿ ಹೇಳಿಯೇ ಬಂದರು.

ಕೈಬಿಟ್ಟ ಆ ದೊಡ್ಡಣ್ಣ ಪಲ್ವಣಕರ್ ಬಾಳೂ. ಅದುವರೆಗೆ ಭಾರತ ಕಂಡ ಅತಿ ದೊಡ್ಡ ಬೌಲರ್. ಮೂಲ ಊರು ಕೊಂಕಣದ ಪಲ್ವಣ, ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಬೆಳೆದಿದ್ದು ಪುಣೆಯಲ್ಲಿ, ಬಾಳಿದ್ದು ಮುಂಬಯಿಯಲ್ಲಿ. ಚಮ್ಮಾರರ ಮನೆತನ. ಅಂದಿನ ಸಮಾಜ ಅಸ್ಪೃಶ್ಯರೆಂದು ಹೊರಗಿಟ್ಟ ಜನ.

ಮಾಟುಂಗಾದಲ್ಲಿ ಭಾನುವಾರ ಬೆಳಿಗ್ಗೆ ಕಾಫಿಗೆ ಸೇರುವ ನಮ್ಮ ಕನ್ನಡದವರ ಗುಂಪೊಂದಿದೆ. ಬ್ಯಾಂಕಿನಿಂದ ನಿವೃತ್ತರಾದ ಕರಾವಳಿಯವರು, ಹೋಟೆಲಿನವರು, ಹುಬ್ಬಳ್ಳಿ ಕಡೆಯ ಒಂದಿಬ್ಬರು ಎಂಜಿನಿಯರುಗಳು, ಮೈಸೂರು ಸೀಮೆಯ ನಾನು. ಪ್ರತಿ ಸಲ ಕ್ರಿಕೆಟ್ಟಿನ ಒಂದು ಹಳೆಯ ಜಗಳ ಎತ್ತಿಕೊಂಡು ಪರ-ವಿರೋಧ ಹೇಳುವುದು ರೂಢಿ. ಬಾಳೂ ಪ್ರಕರಣ ಎರಡು ಭಾನುವಾರಗಳಿಗೂ ಮುಗಿಯಲಿಲ್ಲ. ಅಲ್ಲಿ ಎದ್ದ ಆಕ್ಷೇಪಗಳನ್ನೂ ಸೇರಿಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಒಬ್ಬನಿಂದ ದುಡಿಸಿಕೊಂಡ ಆಟ, ಅವನಿಗೆ ನಾಯಕತ್ವ ಒಂದನ್ನು ಮಾತ್ರ ಹೇಗೆ ಕೊಡದೇ ಉಳಿಯಿತು? ಏಕೆ ಎನ್ನುವುದು ಎಲ್ಲರಿಗೂ ಗೊತ್ತು. ನನಗೆ ಕುತೂಹಲ ಇರುವುದು ಹೇಗೆ ಎನ್ನುವುದರಲ್ಲಿ.

ಪುಣೆ: ಪೊರಕೆ, ರೋಲರ್, ಚೆಂಡು

ಬಾಳೂ ಹುಟ್ಟಿದ್ದು 1870ರ ದಶಕದ ನಡುವಿನಲ್ಲಿ. ಸೈನ್ಯದ ನೌಕರಿಯ ಕುಟುಂಬ, ಪುಣೆಯ ದಂಡಿನ ಪ್ರದೇಶಕ್ಕೆ ಬಂದು ನೆಲೆಸಿತು. ಗೋರಾ ಅಧಿಕಾರಿಗಳು ಆಡಿ ಬಿಸಾಕಿದ ಸಾಮಾನಿನಲ್ಲಿ ಬಾಳೂ ಮತ್ತು ತಮ್ಮ ಶಿವರಾಮ್ ಆಟ ಕಲಿತರು. ಶಾಲೆ ಅರ್ಧಕ್ಕೇ ನಿಂತಿತು. ಮೊದಲ ಕೆಲಸ ಸಿಕ್ಕಿದ್ದು ಪಾರ್ಸಿಗಳ ಕ್ರಿಕೆಟ್ ಕ್ಲಬ್ಬೊಂದರಲ್ಲಿ, ತಿಂಗಳಿಗೆ ಮೂರು ರೂಪಾಯಿ. ಪಿಚ್ ಗುಡಿಸುವುದು, ರೋಲರ್ ಎಳೆಯುವುದು, ಸದಸ್ಯರಿಗೆ ಮನಸ್ಸು ಬಂದಾಗ ಒಂದಷ್ಟು ಚೆಂಡು ಎಸೆಯುವುದು. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಬದಲಾಯಿಸಿದರು. ಅಲ್ಲಿ ನಾಲ್ಕು ರೂಪಾಯಿ. ಕೆಲಸ ಅದೇ, ಜೊತೆಗೆ ನೆಟ್ ಕಟ್ಟುವುದು, ಗೆರೆ ಎಳೆಯುವುದು.

ಅಲ್ಲಿದ್ದ ಕ್ಯಾಪ್ಟನ್ ಜೆ.ಜಿ. ಗ್ರೆಗ್, ಹ್ಯಾಂಪ್‌ಷೈರ್ ಕೌಂಟಿಗೆ ಆಡಿದ ಬ್ಯಾಟ್ಸ್‌ಮನ್. ಉಳಿದವರು ಬರುವ ಮುಂಚೆಯೇ ಮೈದಾನಕ್ಕೆ ಬಂದು ಈ ಹುಡುಗನಿಂದ ಬೌಲಿಂಗ್ ಹಾಕಿಸಿಕೊಳ್ಳುತ್ತಿದ್ದರಂತೆ. ತನ್ನನ್ನು ಒಂದು ಸಲ ಔಟ್ ಮಾಡಿದರೆ ಎಂಟಾಣೆ ಕೊಡುತ್ತಿದ್ದರು ಎಂಬ ಕಥೆ ಅಂದಿನಿಂದ ಇಂದಿನವರೆಗೆ ನಡೆದು ಬಂದಿದೆ. ಕಥೆಯೇ ಇರಲಿ, ಲೆಕ್ಕ ಹಾಕಿ ನೋಡಿ: ನಾಲ್ಕು ರೂಪಾಯಿ ಸಂಬಳ ಅಂದರೆ 64 ಆಣೆ. ಗ್ರೆಗ್ ಎಂಟು ಸಲ ಔಟಾದರೆ ಒಂದು ತಿಂಗಳ ಸಂಬಳ ಕೈಗೆ ಬಂದಂತೆ. ಎಡಗೈ ನಿಧಾನ ಬೌಲಿಂಗಿನ ವಿದ್ಯೆಗೆ ಇದಕ್ಕಿಂತ ಖಡಕ್ಕಾದ ಪಾಠಶಾಲೆ ಬೇಕೇ?

ಆ ಕ್ಲಬ್ಬಿನ ನೆಟ್ಸ್‌ನಲ್ಲಿ ಬಾಳೂ ಗಂಟೆಗಟ್ಟಲೆ ಬೌಲ್ ಮಾಡಿದರು. ಬ್ಯಾಟ್ ಹಿಡಿಯಲು ಮಾತ್ರ ಯಾರೂ ಬಿಡಲಿಲ್ಲ. ಕ್ರಿಕೆಟ್ಟಿನಲ್ಲಿ ಬೌಲಿಂಗ್ ಎಂದರೆ ಮೈಮುರಿಯುವ ಕೆಲಸ, ಬ್ಯಾಟಿಂಗ್ ದೊರೆಗಳ ಭಾಗ. ಇದು ಇಂಗ್ಲೆಂಡಿನಲ್ಲೂ ಇದ್ದ ವಿಭಾಗ. ನಮ್ಮಲ್ಲಿ ಅದಕ್ಕೆ ಜಾತಿಯೂ ಸೇರಿ ಗಂಟು ಬಿಗಿಯಿತು.

ಎಡಗೈ ಸ್ಪಿನ್ ಅಂದರೆ ಏನು ಎಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕರ್ನಾಟಕದ ಎಡಗೈ ಸ್ಪಿನ್ನರ್ ರಘುರಾಮ ಭಟ್ಟರನ್ನು ಎದುರಿಸಲಿಕ್ಕೆಂದು ಬೊಂಬಾಯಿಯ ಸುನಿಲ್ ಗಾವಸ್ಕರ್ ಎಡಗೈ ಬ್ಯಾಟ್ಸ್‌ಮನ್ ಆಗಿ ನಿಂತ 1981-82ರ ಬೆಂಗಳೂರಿನ ರಣಜಿ ಸೆಮಿಫೈನಲ್ ನಮ್ಮ ಗುಂಪಿನಲ್ಲಿ ಇವತ್ತಿಗೂ ಬಿಸಿ ವಿಷಯ. ಮುಂಬಯಿಯಲ್ಲಿ ಕೂತು ಅದನ್ನು ನೆನೆಯುವ ಸುಖವೇ ಬೇರೆ. ಗದಗಿನ ಸುನಿಲ್ ಜೋಶಿಯನ್ನು ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಕಣ್ಣಾರೆ ಕಂಡವರಿದ್ದಾರೆ. ಬಲಗೈ ಬ್ಯಾಟ್ಸ್‌ಮನ್ನಿನಿಂದ ಆಚೆಗೆ ಸರಿಯುವ ಚೆಂಡು, ನಡುವೆ ಒಂದು ತೋಳಿನ ಜೊತೆ ಒಳಕ್ಕೆ ಬರುವ ಚೆಂಡು, ಎಲ್ಲಕ್ಕೂ ಮಿಗಿಲಾಗಿ ಬೇಕಾದಲ್ಲಿಗೆ ಬೀಳಿಸುವ ನಿಖರತೆ. ಬಾಳೂ ಬತ್ತಳಿಕೆಯಲ್ಲಿ ಇಷ್ಟೂ ಇದ್ದವು. ಜೊತೆಗೆ, ಪಿಚ್ಚನ್ನು ತಾನೇ ಗುಡಿಸಿ ತಾನೇ ಉರುಳಿಸಿದವನಿಗೆ ಅದರ ಗುಣ ತಿಳಿಯುವಷ್ಟು ಬೇರೆ ಯಾರಿಗೆ ತಿಳಿಯಬೇಕು?

ಪೂನಾದ ಹಿಂದೂ ಆಟಗಾರರಿಗೆ ಊರಿನ ಯುರೋಪಿಯನ್ನರನ್ನು ಸೋಲಿಸುವ ಹಠ. ಸೋಲಿಸಬಲ್ಲ ಬೌಲರ್ ಕಣ್ಣೆದುರೇ ಇದ್ದಾನೆ, ಆದರೆ ಜಾತಿ? ತೆಲುಗು ಸದಸ್ಯರು ತೆಗೆದುಕೊಳ್ಳೋಣ ಎಂದರು, ಮರಾಠಿ ಬ್ರಾಹ್ಮಣ ಸದಸ್ಯರು ಬೇಡ ಎಂದರು. ಗ್ರೆಗ್ ನಡುವೆ ಬಾಯಿ ಹಾಕಿ, ಇವನನ್ನು ಬಿಟ್ಟರೆ ನೀವು ಮೂರ್ಖರು ಎಂಬರ್ಥದ ಮಾತಾಡಿದ ಮೇಲೆ ವಿಷಯ ಇತ್ಯರ್ಥವಾಯಿತು. ಗ್ರೆಗ್‌ನನ್ನು ಉದಾರಿ ಎಂದು ಕೊಂಡಾಡುವ ಅಗತ್ಯ ನನಗೇನೂ ಕಾಣುವುದಿಲ್ಲ. ಅವನ ಕ್ಲಬ್ಬಿನಲ್ಲಿ ಬಾಳೂ ಆಳಾಗಿಯೇ ಇದ್ದ. ಎದುರು ತಂಡದ ಇಕ್ಕಟ್ಟು ನೋಡಿ ಅವನಿಗೆ ಒಳಗೊಳಗೇ ನಗುವೂ ಬಂದಿರಬಹುದು.

ತಂಡಕ್ಕೆ ಬಂದ ಬಾಳೂ ಮೈದಾನದಲ್ಲಿ ಎಲ್ಲರ ಜೊತೆ ಒಂದೇ ಚೆಂಡು ಮುಟ್ಟುತ್ತಿದ್ದರು. ಬ್ರಾಹ್ಮಣ ಫೀಲ್ಡರ್ ಹಿಡಿದು ಎಸೆದ ಚೆಂಡು ಇವರ ಕೈಗೆ, ಇವರು ಬೌಲ್ ಮಾಡಿದ್ದು ವಿಕೆಟ್ ಕೀಪರ್ ಕೈಗೆ. ಅದಕ್ಕೆ ಮೈಲಿಗೆ ಇಲ್ಲ. ಚಹಾದ ವಿರಾಮ ಬಂತೋ, ಹತ್ತು ಜನ ಪೆವಿಲಿಯನ್ನಿನ ಒಳಗೆ, ಬಾಳೂ ಹೊರಗೆ. ಒಳಗಿನವರಿಗೆ ಪಿಂಗಾಣಿ ಕಪ್ಪು, ಹೊರಗಿನವನಿಗೆ ಕುಡಿದು ಎಸೆಯುವ ಮಣ್ಣಿನ ಕುಡಿಕೆ. ಮುಖ ತೊಳೆಯಬೇಕಾದರೆ ಮೈದಾನದ ಮೂಲೆಗೆ ಹೋಗಬೇಕು, ಅವರದೇ ಜಾತಿಯ ಆಳೊಬ್ಬ ನೀರು ಹೊಯ್ಯಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಕೆಂಪು ಚರ್ಮದ ಚೆಂಡನ್ನು ದಿನವಿಡೀ ತೊಡೆಗೆ ಉಜ್ಜಿಕೊಳ್ಳುತ್ತಿದ್ದ ಜನ, ಚರ್ಮದ ಕೆಲಸದವರ ಮಗ ಮುಟ್ಟಿದ ಕಪ್ಪಿಗೆ ಹೆದರಿದರು ಅನ್ನುವುದನ್ನು ಇಲ್ಲಿ ಹೇಳದೆ ಹೋದರೆ ಪ್ರಕರಣವೇ ಅರ್ಧ.

ಫಲಿತಾಂಶ ಬಂತು. ಪೂನಾದ ಯುರೋಪಿಯನ್ನರು ಸೋತರು. ಸಾತಾರಾದ ಬಿಳಿಯರ ಜಿಮ್ಖಾನಾ, ಅಂದರೆ ಅವರ ಆಟದ ಕ್ಲಬ್, ಬಾಳೂ ಚೆಂಡು ತಿರುಗದಿರಲಿ ಎಂದು ವಾರಗಟ್ಟಲೆ ಪಿಚ್ಚಿಗೆ ರೋಲರ್ ಹೊಡೆಸಿತಂತೆ. ಬಾಳೂ ಏಳು ವಿಕೆಟ್ ಕಿತ್ತರು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಈ ಆಟಗಾರರಿಗೆ ಕಿವಿಮಾತು ಹೇಳಬೇಕಾಯಿತು: ಅವನ ಜೊತೆ ಆಡಬಹುದು ಅಂತಾದರೆ ಉಣ್ಣಲು ಏನು ಅಡ್ಡಿ, ಎಂದು. ಇದು ಗಮನಿಸಬೇಕಾದ ಹೆಜ್ಜೆ. ಬಾಳೂಗೆ ಒಂದೊಂದು ಮೆಟ್ಟಿಲು ಸಿಕ್ಕಿದ್ದೂ ವಿಕೆಟ್ ಬಿದ್ದ ಮೇಲೆ, ಅದೂ ಯಾರೋ ದೊಡ್ಡವರು ಹೇಳಿದ ಮೇಲೆ. ತಾನಾಗಿ ಒಂದೂ ಸಿಗಲಿಲ್ಲ.

ಮುಂಬಯಿ ಮತ್ತು 1906

1896ರಲ್ಲಿ ಪುಣೆ ಸೀಮೆಯಲ್ಲಿ ಪ್ಲೇಗು. ಅದರ ಆಸುಪಾಸಿನಲ್ಲೇ ಕುಟುಂಬ ಬೊಂಬಾಯಿಗೆ ಬಂತು. ಚರ್ನಿ ರೋಡಿನಿಂದ ಮರೀನ್ ಲೈನ್ಸ್ ಕಡೆಗೆ ಲೋಕಲ್ ಟ್ರೈನಿನಲ್ಲಿ ಹೋಗುವವರಿಗೆ ಸಮುದ್ರದ ಬದಿಗೆ ಸಾಲಾಗಿ ಮೂರು ಜಿಮ್ಖಾನಾ ಕಾಣುತ್ತವೆ: ಹಿಂದೂ, ಇಸ್ಲಾಂ, ಪಾರ್ಸಿ. ಹಿಂದೂ ಜಿಮ್ಖಾನಾದ ಪೂರ್ತಿ ಹೆಸರು ಪರಮಾನಂದದಾಸ್ ಜೀವನದಾಸ್ ಹಿಂದೂ ಜಿಮ್ಖಾನಾ. ಫೋರ್ಟಿನ ಮೈದಾನದಲ್ಲಿ ಬಿಳಿಯರ ಪೋಲೋ ಕುದುರೆಗಳು ದೇಶೀಯರ ಪಿಚ್ಚುಗಳನ್ನು ತುಳಿದು ಹಾಳುಗೆಡವಿದ ಜಗಳದಿಂದ ಶುರುವಾದ ಕಥೆ ಇದು. ಮುಂದೆ ಕೋಮಿಗೊಂದರಂತೆ ಜಾಗ ಸಿಕ್ಕಿತು. ಬಾಳೂ ಇಲ್ಲಿಗೆ ಬಂದಾಗ ಇಲ್ಲೂ ಕೆಲ ಸದಸ್ಯರು ಅಪಸ್ವರ ಎತ್ತಿದರು. ತಂಡದ ನಾಯಕ ಕೀರ್ತಿಕರ್ ಪಟ್ಟು ಹಿಡಿದು ಸೇರಿಸಿಕೊಂಡರು. ಹೊಟ್ಟೆಪಾಡಿಗೆ ರೈಲ್ವೆ ನೌಕರಿ ಸಿಕ್ಕಿತು, ಅದೂ ಕ್ರಿಕೆಟ್ ಬಲದಿಂದಲೇ.

1906ರಲ್ಲಿ ಬಾಂಬೆ ಜಿಮ್ಖಾನಾ ಮೈದಾನದಲ್ಲಿ ಹಿಂದೂಗಳು ಮತ್ತು ಯುರೋಪಿಯನ್ನರ ಪಂದ್ಯ. ಹಿಂದೂಗಳು 242 ಮತ್ತು 160. ಯುರೋಪಿಯನ್ನರು 191 ಮತ್ತು 102. ಗೆಲುವು 109 ರನ್‌ನಿಂದ. ಬಾಳೂ ಎಂಟು ವಿಕೆಟ್. ಶಿವರಾಮ್ ಕೂಡ ತಂಡದಲ್ಲಿದ್ದರು. ಬಂಗಾಳದ ವಿಭಜನೆಯ ಕಿಚ್ಚು ಇನ್ನೂ ಆರದ ದಿನಗಳವು, ಗೆಲುವಿಗೆ ಸಹಜವಾಗಿಯೇ ದೇಶಾಭಿಮಾನದ ಬಣ್ಣ ಬಂತು. ಸಮಾಜ ಸುಧಾರಕರ ಪತ್ರಿಕೆಗಳು ಇನ್ನೊಂದನ್ನು ಎತ್ತಿ ಆಡಿದವು: ಜಾತಿ ಬದಿಗಿಟ್ಟು ಬಾಳೂ ಸೋದರರನ್ನು ಸೇರಿಸಿಕೊಂಡದ್ದಕ್ಕೇ ಈ ಜಯ. ಇಷ್ಟು ಹೊತ್ತಿಗೆ ಹಿಂದೂ ಜಿಮ್ಖಾನಾದಲ್ಲಿ ಒಟ್ಟಿಗೆ ಊಟವೂ ಆಗುತ್ತಿತ್ತು. ಪುಣೆಯ ಕುಡಿಕೆಯಿಂದ ಇಲ್ಲಿಗೆ ಬಂದದ್ದು ಸಣ್ಣ ದೂರವಲ್ಲ. ಅದನ್ನು ಒಪ್ಪಲೇಬೇಕು.

1911ರ ಇಂಗ್ಲೆಂಡ್ ಪ್ರವಾಸದ ವಿವರ ಬಲ್ಲವರಿಗೆ ಬಾಯಿಪಾಠ, ಬೇಗ ಹೇಳಿ ಮುಗಿಸುತ್ತೇನೆ. ಅಖಿಲ ಭಾರತ ತಂಡ, ನಾಯಕ ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್. ತಂಡ ಹೆಚ್ಚಾಗಿ ಸೋತಿತು. ಬಾಳೂ ಸೋಲಲಿಲ್ಲ. ಎಲ್ಲ ಪಂದ್ಯ ಸೇರಿ 114 ವಿಕೆಟ್, ಅದರಲ್ಲಿ ಪ್ರಥಮ ದರ್ಜೆಯವು 75. ಲೀಸ್ಟರ್‌ಷೈರ್ ಮೇಲಿನ ಗೆಲುವಿನಲ್ಲಿ ಇವರದೇ ಹನ್ನೊಂದು. ಸಾಮರ್ಸೆಟ್ ವಿರುದ್ಧ ಒಂದೇ ವಿಕೆಟ್ಟಿನ ಗೆಲುವು ತಂದದ್ದು ತಮ್ಮ ಶಿವರಾಮನ ಶತಕ. ಅಂದರೆ ಆ ಪ್ರವಾಸದ ಎರಡೂ ಪ್ರಥಮ ದರ್ಜೆ ಗೆಲುವುಗಳಲ್ಲಿ ಒಂದೇ ಮನೆಯ ಕೈ. ಊರಿಗೆ ಮರಳಿದಾಗ ಬೊಂಬಾಯಿಯ ದಲಿತರು ಬಾಳೂಗೆ ಸನ್ಮಾನ ಏರ್ಪಡಿಸಿದರು. ಮಾನಪತ್ರ ಬರೆದುಕೊಟ್ಟ ಯುವಕ ಭೀಮರಾವ್ ಅಂಬೇಡ್ಕರ್, ಆಗಿನ್ನೂ ಕಾಲೇಜು ವಿದ್ಯಾರ್ಥಿ.

ಈ ಪ್ರವಾಸದಲ್ಲಿ ನಮ್ಮ ಪ್ರಶ್ನೆಗೆ ಬೇಕಾದ ಒಂದು ಸಂಗತಿ ಇದೆ. ಮಹಾರಾಜನಿಗೆ ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಕೆಲವೇ ಪಂದ್ಯ ಆಡಿ ದರ್ಬಾರಿನ ಕೆಲಸಗಳಲ್ಲಿ ಮುಳುಗಿದ. ಆದರೂ ನಾಯಕ ಅವನೇ. ನಾಯಕತ್ವಕ್ಕೆ ಅನುಭವ ಬೇಕು, ಪಳಗಿದ ಬುದ್ಧಿ ಬೇಕು, ಎಲ್ಲ ಪಂದ್ಯಕ್ಕೂ ಲಭ್ಯನಿರಬೇಕು ಎಂಬ ಯಾವ ವಾದವೂ ಆಗ ಯಾರ ನಾಲಿಗೆಯ ಮೇಲೂ ಬರಲಿಲ್ಲ.

ಹತ್ತು ವರ್ಷದ ತಳ್ಳಾಟ

1910ರಿಂದ ಮುಂದಕ್ಕೆ ಬಾಳೂಗೆ ಹಿಂದೂ ತಂಡದ ನಾಯಕತ್ವ ಕೊಡಿ ಎಂಬ ಮಾತು ಸೀಸನ್ ಸೀಸನ್ನಿಗೂ ಏಳುತ್ತಿತ್ತು, ಅಡಗುತ್ತಿತ್ತು. 1912ರಲ್ಲಿ ಮುಸ್ಲಿಂ ತಂಡವೂ ಸೇರಿ ಟೂರ್ನಿ ನಾಲ್ಕು ತಂಡದ್ದಾಯಿತು, ಜನ ಹೆಚ್ಚಿದರು, ಗೌರವವೂ ಏರಿತು. ನಾಯಕತ್ವ ಹೋದದ್ದು ಎಂ.ಡಿ. ಪೈ ಅವರಿಗೆ. 1913ರಲ್ಲಿ ಗೌಡ ಸಾರಸ್ವತರು ತಮ್ಮ ಹುಡುಗನಿಗೆ ಸನ್ಮಾನ ಮಾಡಿದಾಗ ಪೈ ಎದ್ದು ನಿಂತು, ಈ ಗೌರವ ನನ್ನ ಗೆಳೆಯ ಬಾಳೂಗೆ ಸಲ್ಲಬೇಕಿತ್ತು, ತಂಡದಲ್ಲಿ ಹಿರಿಯ ಅವನು, ಅನುಭವಿ ಅವನು ಎಂದುಬಿಟ್ಟರು. ನಮ್ಮ ಗುಂಪಿನ ಕರಾವಳಿಯ ಹಿರಿಯರೊಬ್ಬರು ಈ ಮಾತು ಕೇಳಿ, ಹಾಗಾದರೆ ನಮ್ಮ ಪೈ ಮಾಮ್ ಪಾಸಾದರು ಎಂದು ನಕ್ಕರು. ಪಾಸಾದರು ನಿಜ. ಆದರೆ ಅಷ್ಟು ಹೇಳಿದವರು ಹುದ್ದೆ ಬಿಡಲಿಲ್ಲ. ಬಿಟ್ಟಿದ್ದರೂ ಅದು ಬಾಳೂ ಕೈಗೆ ಬರುತ್ತಿತ್ತು ಎನ್ನುವ ಭರವಸೆ ನನಗಿಲ್ಲ, ಮತ್ತೊಬ್ಬ ಮೇಲ್ಜಾತಿಯವರ ಪಾಲಾಗುತ್ತಿತ್ತು.

ಇಲ್ಲೇ ಈ ವ್ಯವಸ್ಥೆಯ ಕೀಲು ಸಿಕ್ಕುತ್ತದೆ. ಅಸ್ಪೃಶ್ಯ ನಾಯಕನಾಗಬಾರದು ಎಂಬ ನಿಯಮ ಎಲ್ಲೂ ಇರಲಿಲ್ಲ. ಇದ್ದಿದ್ದರೆ ಅದನ್ನು ತೋರಿಸಿ ಜಗಳ ಆಡಬಹುದಿತ್ತು. ಇದ್ದದ್ದು ಒಂದು ಸಮಿತಿ, ಅದಕ್ಕೆ ಪ್ರತಿ ವರ್ಷ ಹೊಸದೊಂದು ಸಕಾರಣ. ಹಿರಿತನ ನೋಡುವುದಾದರೆ ಬಾಳೂ, ಅದಕ್ಕೆ ಹಿರಿತನ ನೋಡಬೇಡಿ. ಹಿರಿತನ ನೋಡದಿದ್ದರೆ ಶಿವರಾಮ್ ಅಥವಾ ವಿಠಲ್, ಆಗ ಇವರಿಗೆ ವಿದ್ಯೆ ಕಮ್ಮಿ ಅನ್ನಿ, ಇಲ್ಲವೇ ಬೇರೆ ಏನಾದರೂ ಅನ್ನಿ. ವಿಕೆಟ್ಟಿಗೆ ಅಳತೆ ಇದೆ, ನಾಯಕನ ಯೋಗ್ಯತೆಗೆ ಅಳತೆ ಇಲ್ಲ. ಪುಣೆಯಲ್ಲಿ ಬಾಳೂ ಗೆದ್ದು ಒಳಬಂದದ್ದು ಅಳೆಯಲು ಬರುವ ವಿದ್ಯೆಯಿಂದ. ಬೊಂಬಾಯಿಯಲ್ಲಿ ನಿಂತುಹೋದದ್ದು ಅಳತೆ ಮುಗಿದ ಜಾಗದಲ್ಲಿ.

ಇನ್ನೊಂದು ಮಾತು, ಇದು ನನ್ನ ಊಹೆ. ಬೌಲರ್ ಆದವನು ಚೆಂಡು ಪಡೆಯುತ್ತಾನೆ, ಕೊಡುವವನು ನಾಯಕ. ನಾಯಕನಾದವನು ಬ್ರಾಹ್ಮಣ ಫೀಲ್ಡರನಿಗೆ, ಏಯ್, ಅಲ್ಲಿ ಹೋಗಿ ನಿಲ್ಲು ಎನ್ನಬೇಕು. ಎದುರು ತಂಡದ ಯುರೋಪಿಯನ್ ನಾಯಕನ ಜೊತೆ ಟಾಸಿಗೆ ನಡೆದು ಹೋಗಬೇಕು. ಸಂಜೆಯ ಔತಣದಲ್ಲಿ ಹಿಂದೂಗಳ ಪರವಾಗಿ ಎದ್ದು ಮಾತಾಡಬೇಕು. ಒಟ್ಟಿಗೆ ಉಣ್ಣುವ ತನಕ ಬಂದವರಿಗೂ ಅಪ್ಪಣೆ ಕೇಳಿಸಿಕೊಳ್ಳುವುದು ಗಂಟಲಲ್ಲಿ ಇಳಿಯಲಿಲ್ಲ.

ಹಾಗಂತ ಬಾಳೂ ಏನು ಮಾಡಿದರು? ಬೌಲ್ ಮಾಡಿದರು. ಅವರು ಸಾರ್ವಜನಿಕವಾಗಿ ಕಿರುಚಾಡಿದವರಲ್ಲ. ಹುಬ್ಬಳ್ಳಿಯ ಕಿರಿಯ ಗೆಳೆಯನಿಗೆ ಇದೇ ಸಿಟ್ಟು: ಅಷ್ಟು ವರ್ಷ ಯಾಕ್ರೀ ಸುಮ್ಮನಿದ್ರು? ಉತ್ತರ ನೌಕರಿಯಲ್ಲಿದೆ ಎಂದು ನನಗೆ ತೋರುತ್ತದೆ. ದೇವಧರ್ ಮುಂದೆ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದವರು, ಮಹಾರಾಜನಿಗೆ ಸಂಸ್ಥಾನವೇ ಇತ್ತು. ಬಾಳೂಗೆ ಕ್ರಿಕೆಟ್ ಬಿಟ್ಟರೆ ಅನ್ನದ ದಾರಿಯೂ ಅದೇ, ಮಾನದ ದಾರಿಯೂ ಅದೇ. ಮೂರು ರೂಪಾಯಿಯಿಂದ ಮೇಲೆ ಬಂದವನು, ತಮ್ಮಂದಿರನ್ನೂ ಅದೇ ದಾರಿಗೆ ತಂದವನು, ಏಣಿ ಒದೆಯುವುದು ಸುಲಭವಲ್ಲ.

1920ರ ನಿರಾಕರಣೆ

ಏಣಿ ಒದ್ದವರು ತಮ್ಮಂದಿರು. ಈ ಇಬ್ಬರು ಅಣ್ಣನ ಹೆಗಲ ಮೇಲೆ ಬೆಳೆದವರು, ಆದರೆ ಅಣ್ಣನಷ್ಟು ಸಹಿಸಿದವರಲ್ಲ. ಅದಕ್ಕೆ ಅಣ್ಣನೇ ಕಾರಣವೂ ಹೌದು. ಬಾಳೂ ಕುಡಿಕೆಯಲ್ಲಿ ಚಹಾ ಕುಡಿದದ್ದರಿಂದ ವಿಠಲ್ ಕಪ್ಪಿನಲ್ಲಿ ಕುಡಿದ. ಕಪ್ಪಿನಲ್ಲಿ ಕುಡಿದು ಬೆಳೆದವನಿಗೆ ಕುಡಿಕೆಯ ತರ್ಕ ನುಂಗುವುದು ಆಗಲಿಲ್ಲ.

ಗಾಂಧೀಜಿಯ ಅಸಹಕಾರದ ಗಾಳಿ ಬೀಸುತ್ತಿದ್ದ ವರ್ಷ. ಅದೇ ವರ್ಷದ ಕೊನೆಗೆ ನಾಗಪುರದ ಕಾಂಗ್ರೆಸ್ ಅಧಿವೇಶನ ಅಸಹಕಾರವನ್ನು ಒಪ್ಪಿಕೊಂಡು, ಅಸ್ಪೃಶ್ಯತೆ ತೊಲಗಿಸಿ ಎಂದೂ ಕರೆ ಕೊಟ್ಟಿತು. ಆ ಹವೆಯಲ್ಲಿ ಇಬ್ಬರು ಪ್ರಮುಖ ಆಟಗಾರರು ಜಾತಿಯ ಕಾರಣಕ್ಕೆ ಅವಮಾನ ಆಯಿತು ಎಂದು ತಂಡ ಬಿಟ್ಟರೆ ಹಿಂದೂ ಜಿಮ್ಖಾನಾದ ದೊಡ್ಡವರಿಗೆ ಮುಖ ತೋರಿಸುವುದು ಹೇಗೆ? ಮೊದಲ ಪಂದ್ಯವನ್ನು ಹಿಂದೂಗಳು ಇವರಿಲ್ಲದೆಯೇ ಗೆದ್ದರು. ಗೆದ್ದರೂ ಬೈಗುಳ ನಿಲ್ಲಲಿಲ್ಲ.

ಪಾರ್ಸಿಗಳ ಎದುರಿನ ಮುಂದಿನ ಪಂದ್ಯಕ್ಕೆ ಪೈ ಗುಣವಾಗಿ ಬಂದರು. ಬಾಳೂ ಮತ್ತೆ ತಂಡಕ್ಕೆ ಬಂದರು, ಈ ಸಲ ಉಪನಾಯಕರಾಗಿ. ಶಿವರಾಮ್, ವಿಠಲ್ ಮರಳಿದರು. ಪಂದ್ಯದ ನಡುವೆ ಪೈ ಬೇಕೆಂದೇ ಮೈದಾನ ಬಿಟ್ಟು ಹೊರನಡೆದರು. ಅವರು ಹೊರಗಿದ್ದಷ್ಟು ಹೊತ್ತು ಹಿಂದೂ ತಂಡವನ್ನು ನಡೆಸಿದವರು ಬಾಳೂ. ಇವರನ್ನು ಅಲ್ಲಿಗೆ ನಿಲ್ಲಿಸು, ಅವರನ್ನು ಇಲ್ಲಿಗೆ ಕರೆ ಎಂದು ಕೈ ಬೀಸಿದರು. ವಯಸ್ಸು ನಲವತ್ತೈದರ ಆಸುಪಾಸು. ಅಧಿಕೃತವಾಗಿ ನಾಯಕ ಆಗಲೂ ಪೈ ಅವರೇ.

ಇದನ್ನು ಗೆಲುವು ಅನ್ನಬೇಕೋ ಸಮಾಧಾನದ ಬಹುಮಾನ ಅನ್ನಬೇಕೋ ಎಂದು ಮಾಟುಂಗಾದಲ್ಲಿ ದನಿ ಏರಿತು. ನನ್ನ ತೀರ್ಪು ಹೀಗೆ. ಬಾಳೂ ವಿಕೆಟ್ಟುಗಳು ಹತ್ತು ವರ್ಷದಲ್ಲಿ ತೆರೆಯದ ಬಾಗಿಲನ್ನು ಶಿವರಾಮ್-ವಿಠಲರ ಗೈರುಹಾಜರಿ ಎರಡು ಪಂದ್ಯಗಳ ನಡುವಿನ ಅವಧಿಯಲ್ಲಿ ಅರ್ಧ ತೆರೆಯಿತು. ಪೈ ಒಳ್ಳೆಯವರು, ಆದರೆ ಅವರ ಒಳ್ಳೆಯತನ 1913ರಲ್ಲೂ ಇತ್ತು, ಭಾಷಣದಲ್ಲಿ. ಅದು ಮೈದಾನಕ್ಕೆ ಇಳಿದದ್ದು ದುಡಿಯುವ ಕೈ ದುಡಿಯಲು ಒಲ್ಲೆ ಎಂದಾಗ.

ಉಳಿದರ್ಧ ಬಾಗಿಲು ತೆರೆಯಲು ಇನ್ನೂ ಮೂರು ವರ್ಷ ಬೇಕಾಯಿತು. 1923ರಲ್ಲಿ ವಿಠಲ್ ಹಿಂದೂ ತಂಡದ ನಾಯಕ, ಪೂರ್ಣ ಪ್ರಮಾಣದಲ್ಲಿ. ಯುರೋಪಿಯನ್ನರನ್ನು ಸೋಲಿಸಿದರು. ಮೇಲ್ಜಾತಿಯ ಅಭಿಮಾನಿಗಳು ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅಷ್ಟರಲ್ಲಿ ಬಾಳೂ ಆಟ ಮುಗಿದಿತ್ತು. 33 ಪ್ರಥಮ ದರ್ಜೆ ಪಂದ್ಯ, 179 ವಿಕೆಟ್, ಸರಾಸರಿ 15.21.

ದೇವಧರ್ ಖಳನಾಯಕರೇ?

ಗುಂಪಿನಲ್ಲಿ ಒಬ್ಬರು ಹಾಗೆ ಮಾಡಲು ಹೊರಟರು. ನನಗೆ ಒಪ್ಪಿಗೆಯಿಲ್ಲ. ತನ್ನನ್ನು ತಾನು ಆರಿಸಿಕೊಂಡವರಲ್ಲ ಅವರು. ಬೇಡ ಎನ್ನಬಹುದಿತ್ತು, ಅನ್ನಲಿಲ್ಲ. ಅಷ್ಟು ಬರೆದುಕೊಂಡು ಮುಂದೆ ಹೋಗಬೇಕು, ಏಕೆಂದರೆ ಒಂದು ಪ್ರಾಂತ್ಯದ ಕ್ರಿಕೆಟ್ಟಿಗೆ ಜೀವಮಾನ ಸವೆಸುವುದು ಎಂದರೆ ಏನೆಂದು ನೋಡಬೇಕಾದರೆ ದೇವಧರ್‌ರಂಥ ಉದಾಹರಣೆ ಇನ್ನೊಂದಿಲ್ಲ. 1926ರಲ್ಲಿ ಇಂಗ್ಲೆಂಡಿನಿಂದ ಬಂದ ಗಿಲಿಗನ್ನನ ಎಂಸಿಸಿ ತಂಡದ ಮೇಲೆ 148. ಮಹಾರಾಷ್ಟ್ರದ ನಾಯಕರಾಗಿ 1939-40, 1940-41 ಎರಡು ವರ್ಷ ಬೆನ್ನುಬೆನ್ನಿಗೆ ರಣಜಿ ಟ್ರೋಫಿ. ಎರಡನೇ ವರ್ಷ ಪುಣೆಯಲ್ಲಿ ಬೊಂಬಾಯಿ ವಿರುದ್ಧ 246, ಆಗ ವಯಸ್ಸು 48. ಮಹಾರಾಷ್ಟ್ರ 675 ಹೊಡೆದರೆ ಬೊಂಬಾಯಿ 650ರ ತನಕ ಅಟ್ಟಿಸಿಕೊಂಡು ಬಂದ ಪಂದ್ಯ ಅದು. 52ನೇ ವಯಸ್ಸಿನಲ್ಲಿ ನವಾನಗರದ ಮೇಲೆ ಎರಡೂ ಇನಿಂಗ್ಸಿನಲ್ಲಿ ಶತಕ. ಆಮೇಲೆ ಆಯ್ಕೆಗಾರ, ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷ, ಮಂಡಳಿಯ ಉಪಾಧ್ಯಕ್ಷ. 1973-74ರಿಂದ ಅವರ ಹೆಸರಿನ ಒಂದು ದಿನದ ಟ್ರೋಫಿ. 1991ರಲ್ಲಿ ಪದ್ಮಭೂಷಣ. ನೂರು ದಾಟಿ 1993ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಅವರು ಹುಟ್ಟಿದ್ದು 1892ರಲ್ಲಿ, ಬಾಳೂ ಅದೇ ಊರಿನ ಪೂನಾ ಕ್ಲಬ್ಬಿಗೆ ನಾಲ್ಕು ರೂಪಾಯಿ ಸಂಬಳಕ್ಕೆ ಸೇರಿದ ಆಸುಪಾಸಿನಲ್ಲಿ.

ಬಾಳೂ ಆಟ ಬಿಟ್ಟ ಮೇಲೆ ಕ್ರಿಕೆಟ್ ಆಡಳಿತದ ಕುರ್ಚಿ ಅವರ ಕಡೆ ಬರಲಿಲ್ಲ. ಅವರ ಹೆಸರು ಮತ್ತೆ ಕಾಣುವುದು ರಾಜಕೀಯದಲ್ಲಿ. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರದ ಬದಲು ಮೀಸಲು ಸ್ಥಾನ ಕೊಟ್ಟ 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರ್ ಎದುರೇ ನಿಲ್ಲಿಸಿತು. ಅಂಬೇಡ್ಕರ್‌ಗೆ 13,245 ಮತ, ಬಾಳೂಗೆ 11,225. ಮಾನಪತ್ರ ಬರೆದ ಹುಡುಗ, ಮಾನಪತ್ರ ಪಡೆದವನನ್ನು ಸೋಲಿಸಿದ. ಈ ಅಧ್ಯಾಯವನ್ನು ಬಾಳೂ ಮೆಚ್ಚುವವರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಹಾರಿಸಬಾರದು. ಹಿಂದೂ ತಂಡದೊಳಗೇ ಇದ್ದು ಒಂದೊಂದೇ ಮೆಟ್ಟಿಲು ಹತ್ತಿದವರು ಹಿಂದೂ ಸಮಾಜದೊಳಗೇ ಇದ್ದು ಗೆಲ್ಲಬಹುದು ಎಂದು ನಂಬಿದ್ದು ಆಶ್ಚರ್ಯವಲ್ಲ. ಆ ನಂಬಿಕೆಯ ಮಿತಿ ಎಷ್ಟು ಎನ್ನುವುದಕ್ಕೆ ಅವರ ಸ್ವಂತ ಕ್ರಿಕೆಟ್ ಬದುಕೇ ಸಾಕ್ಷಿ ಎಂಬುದೂ ಅಷ್ಟೇ ನಿಜ. 1955ರ ಜುಲೈನಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಕೊನೆಯ ಆಕ್ಷೇಪ ನಿವೃತ್ತ ಬ್ಯಾಂಕ್ ಮ್ಯಾನೇಜರರದು. ದೇವಧರ್‌ಗೂ ಅನ್ಯಾಯ ಆಗಿದೆಯಲ್ಲ, 1932ರ ಇಂಗ್ಲೆಂಡ್ ಪ್ರವಾಸಕ್ಕೆ ವಯಸ್ಸಾಯಿತು ಎಂದು ಬಿಟ್ಟರಲ್ಲ, ಒಂದು ಟೆಸ್ಟ್ ಕೂಡ ಆಡಲಿಲ್ಲವಲ್ಲ ಪಾಪ, ಎಂದರು. ಹೌದು, ನಲವತ್ತಕ್ಕೆ ಮುದುಕ ಅನ್ನಿಸಿಕೊಂಡರು. ಅದೇ ಪ್ರವಾಸಕ್ಕೆ ಪೋರಬಂದರಿನ ಮಹಾರಾಜ ನಾಯಕ, ಲಾರ್ಡ್ಸ್ ಟೆಸ್ಟಿಗೆ ಅವರು ತಾವಾಗಿ ಪಕ್ಕಕ್ಕೆ ಸರಿದು ಸಿ.ಕೆ. ನಾಯುಡುಗೆ ದಾರಿ ಬಿಟ್ಟರು. ಪೈ ಹನ್ನೆರಡು ವರ್ಷ ಹಿಂದೆ ಮಾಡಿದ್ದನ್ನು ಇವರು ಇನ್ನೂ ಧಾರಾಳವಾಗಿ ಮಾಡಿದರು ಅನ್ನಿ. ಆದರೆ ಮುದುಕ ಎಂದವರ ಬಾಯಿ ಮುಚ್ಚಿಸಲು ದೇವಧರ್‌ಗೆ ಮೈದಾನ ಉಳಿದಿತ್ತು. ಎರಡು ವರ್ಷದಲ್ಲಿ ರಣಜಿ ಟ್ರೋಫಿ ಶುರುವಾಯಿತು, ಸ್ವಂತ ಪ್ರಾಂತ್ಯ ಕೈಯಲ್ಲಿತ್ತು, ನಾಯಕತ್ವ ಇತ್ತು, ಹತ್ತು-ಹನ್ನೆರಡು ವರ್ಷ ಆಡಿ ತೋರಿಸಿದರು. ರಣಜಿ ಶುರುವಾದಾಗ ಬಾಳೂ ಅರವತ್ತರ ಹತ್ತಿರ. ಪ್ರಾಂತ್ಯಗಳ ಕ್ರಿಕೆಟ್ ಮೊದಲೇ ಬಂದಿದ್ದರೆ ಅವರು ಬೊಂಬಾಯಿಗೆ ಆಡುತ್ತಿದ್ದರೋ ಮಹಾರಾಷ್ಟ್ರಕ್ಕೋ ಎಂದು ಮ್ಯಾನೇಜರರು ಕೇಳಿದರು. ಹುಬ್ಬಳ್ಳಿಯ ಗೆಳೆಯ ತಡಮಾಡದೆ, ಯಾಕ್ರೀ, ಧಾರವಾಡದಾಗ ಹುಟ್ಯಾನ, ನಮಗ ಯಾಕ ಆಡಬಾರದು ಅಂದ. ಇನ್ನೊಂದು ರೌಂಡ್ ಕಾಫಿ ಬಂತು, ಅವನನ್ನು ಯಾವ ತಂಡಕ್ಕೆ ಹಾಕುವುದು ಎಂಬ ಜಗಳ ಹತ್ತಿಕೊಂಡಿತು. ಯಾವ ತಂಡವಾದರೂ ನಾಯಕ ಅವನೇ ಎನ್ನುವುದಕ್ಕೆ ಮಾತ್ರ ಯಾರದೂ ತಕರಾರಿರಲಿಲ್ಲ.